ಐರ್ಲೆಂಡಿನಲ್ಲಿ ಒಂದು ಲೇತ್ ಮಷಿನ್ನು

ಹೆಂಡತಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಾಗ ನಾನು ಹರಿಹರದ ಒಂದು ಲೇತ್ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದೆ. ಐಟಿಐ ಮುಗಿಸಿದ ಮೇಲೆ ಹದಿನಾಲ್ಕು ವರ್ಷ ಅಲ್ಲೇ ಕಳೆದಿದ್ದೆ. ದಾವಣಗೆರೆಯ ವಿನೋಬನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಶೆಡ್ಡಿನಲ್ಲಿ ಮೂರು ಲೇತು, ಒಂದು ಡ್ರಿಲ್ಲಿಂಗ್ ಮಷಿನ್ನು, ನಾನು ಮತ್ತು ನಮ್ಮ ಮಾಲೀಕರು. ಕುಕ್ಕುವಾಡ, ಮಾಯಕೊಂಡದ ಕಡೆಯ ರೈತರು ಟ್ರ್ಯಾಕ್ಟರ್ ಸಾಮಾನಿನ ಮುರಿದ ಶಾಫ್ಟುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ನಾಳೆ ಬನ್ನಿ ಎಂದರೆ ಯಾರೂ ಏಳುತ್ತಿರಲಿಲ್ಲ. ಕೆಲಸ ಮುಗಿಯುವವರೆಗೂ ಬಾಗಿಲಲ್ಲೇ ಕೂತು ಮಳೆ, ಬೆಳೆ, ರಾಜಕೀಯ ಮಾತಾಡುತ್ತಿದ್ದರು.

ನನ್ನ ಹೆಂಡತಿ ದಾವಣಗೆರೆಯ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಂದು ಎರಡು ವರ್ಷ ಇಂಗ್ಲಿಷ್ ಪರೀಕ್ಷೆಗೆ ಓದಿದ್ದಳು. ಪಾಸಾದಾಗ ನನಗೆ ಖುಷಿಯಾಯಿತು. ನಾನೂ ಜೊತೆಗೆ ಬರಬೇಕು ಎಂದಾಗ ಮಾತ್ರ ಹಿಂಜರಿದೆ.

"ನೀವು ಬರದಿದ್ರೆ ನಾನೂ ಹೋಗಲ್ಲ" ಎಂದಳು. "ಆದ್ರೆ ಅಲ್ಲಿಗೆ ಬಂದು ಸುಮ್ನೆ ಕೂತ್ಕೊಳ್ಳಂಗಿಲ್ಲ. ನಿಮಗೇ ಹುಚ್ಚು ಹಿಡಿತೈತೆ."

ನೆಂಟರೆಲ್ಲ ಒಂದೇ ಪ್ರಶ್ನೆ ಕೇಳಿದರು: ಆಕೆ ದುಡಿಯಲಿಕ್ಕೆ ಹೋಗುತ್ತಾಳೆ, ಸರಿ, ಇವನು ಅಲ್ಲಿ ಏನು ಮಾಡುತ್ತಾನೆ? ಅವ್ವ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಅಡಿಗೆ ಮಾಡ್ತಾನೆ. ಇಷ್ಟು ವರ್ಷ ಆಕಿ ಮಾಡಿಲ್ಲೇನು?" ಹಾಗೆಂದು ಸುಮ್ಮನಾಗದೆ ಹೊರಡುವ ಮುಂಚೆ ಒಂದು ವಾರ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ರೊಟ್ಟಿ ಬಡಿಯಲು ಕಲಿಸಿದಳು. ಮಾಲೀಕರಂತೂ ಸುದ್ದಿ ಕೇಳಿ, ಹಾಗಾದರೆ ರೈಸ್ ಮಿಲ್ಲಿನವರ ರೋಲರು ಯಾರು ಮಾಡುತ್ತಾರೆ ಎಂದು ಕೇಳಿದರು. ಅದನ್ನು ಮುಗಿಸಿಕೊಟ್ಟೇ ಹೊರಟೆ.

ನಾವು ಹೋಗಿದ್ದು ದನ ಕುರಿ ಸಾಕುವ ಸೀಮೆಯ ಒಂದು ಸಣ್ಣ ಪಟ್ಟಣಕ್ಕೆ. ಹೆಂಡತಿಯ ವೀಸಾದ ಮೇಲೆ ಬಂದ ನನಗೂ ದುಡಿಯಲು ಅನುಮತಿ ಇತ್ತು. ಆದರೆ ಕೆಲಸ ಕೊಡುವವರು ಇರಲಿಲ್ಲ. ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದ್ದೇ ಹಾಕಿದ್ದು. ಒಂದು ಕಾರ್ಖಾನೆಯವರು ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರು, ನನಗೆ ತಿಳಿದದ್ದು ನನ್ನ ಹೆಸರೊಂದೇ. ನನ್ನದು ಡ್ರಾಯಿಂಗ್ ಓದುವಷ್ಟು ಇಂಗ್ಲಿಷ್. ಕ್ರಿಸ್‌ಮಸ್ ಹೊತ್ತಿಗೆ ಒಂದು ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ ಮೂರು ವಾರ ಸಿಕ್ಕಿತು, ಹಬ್ಬ ಮುಗಿದ ಕೂಡಲೇ ಅದೂ ಮುಗಿಯಿತು. ಹಳೆಯ ಕೆಲಸದ ಸರ್ಟಿಫಿಕೇಟು ಎಲ್ಲಿ ಎಂದು ಎಲ್ಲರೂ ಕೇಳುವವರೇ. ನಮ್ಮ ಶೆಡ್ಡಿನಲ್ಲಿ ಕಾಗದ ಅಂತ ಇದ್ದದ್ದು ಬಿಲ್ ಪುಸ್ತಕ ಒಂದೇ.

ಫೆಬ್ರವರಿಯ ಒಂದು ಮಧ್ಯಾಹ್ನ ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ನಾನು ಮುಂಬಾಗಿಲ ಬೀಗವನ್ನು ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದೆ.

"ಏನಾಗಿತ್ತು ಬೀಗಕ್ಕೆ?"

"ಏನೂ ಆಗಿರ್ಲಿಲ್ಲ" ಎಂದೆ.

ಅವಳು ಕೋಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು. ಆಮೇಲೆ ಅವಳು ಹೇಳಿದ ಮಾತು ನೇರವಾಗಿತ್ತು. "ಹರಿಹರದಾಗೆ ಯಾರಾದ್ರೂ ಅರ್ಜಿ ಹಾಕಿ ಕೆಲ್ಸ ಕೇಳ್ತಾರೇನ್ರಿ? ಶೆಡ್ಡಿಗೇ ಹೋಗಿ ನಿಲ್ತಾರೆ. ನೀವೂ ಹಂಗೇ ಹೋಗ್ರಿ."

ಮರುದಿನ ಬೆಳಿಗ್ಗೆ ಬೀಗ ಜೋಡಿಸಿಟ್ಟು ಹೊರಟೆ. ಎರಡು ಗ್ಯಾರೇಜಿನವರು ಬೇಡ ಎಂದರು. ಊರ ಹೊರಗೆ, ಹುಲ್ಲು ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನ ಮುಂದೆ ಬಂದಾಗ ಒಳಗಿನಿಂದ ಲೇತ್ ತಿರುಗುವ ಸದ್ದು ಕೇಳಿಸಿತು. ಎಷ್ಟೋ ತಿಂಗಳಾಗಿತ್ತು ಆ ಸದ್ದು ಕೇಳಿ. ಕಾಲು ತಾನಾಗಿಯೇ ಒಳಗೆ ನಡೆಯಿತು.

ಅಲ್ಲಿಯ ಮಾಲೀಕರು ಅರವತ್ತರ ಆಸುಪಾಸಿನವರು. ನಾನು ಟರ್ನರ್, ಹದಿನಾಲ್ಕು ವರ್ಷದ ಅನುಭವ ಎಂದೆ. ಅವರ ಟರ್ನರ್ ಹೋದ ವರ್ಷವೇ ನಿವೃತ್ತನಾಗಿದ್ದನಂತೆ, ಈಗ ತಾವೇ ಹೇಗೋ ನಿಭಾಯಿಸುತ್ತಿದ್ದರು. ನಿನ್ನ ಕೆಲಸ ನೋಡಿದವರು ಯಾರಾದರೂ ಇದ್ದಾರಾ ಎಂದು ನಿಧಾನವಾಗಿ, ಎರಡು ಸಲ ಕೇಳಿದರು. ನಾನು ಹಿಂದೆ ಮುಂದೆ ನೋಡದೆ ಹರಿಹರಕ್ಕೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಆಗ ಊಟವಾದ ಮೇಲಿನ ಹೊತ್ತು.

ನಮ್ಮ ಮಾಲೀಕರು ಗಾಬರಿಯಾಗಿದ್ದರು. "ಯಾಕ, ಏನಾತು? ಆಕಿ ಹುಷಾರದಾಳೇನು?"

ವಿಷಯ ತಿಳಿದ ಮೇಲೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪರದೆಯಲ್ಲಿದ್ದ ಹೊಸಬರಿಗೆ ಕೈಮುಗಿದರು. ಅವರಿಗೆ ಇಂಗ್ಲಿಷ್ ಬಾರದು, ಇವರಿಗೆ ಕನ್ನಡ ಬಾರದು. ನಡುವೆ ನಿಂತು ನನ್ನ ಹೊಗಳಿಕೆಯನ್ನು ನಾನೇ ಹೇಳಬೇಕಾಗಿ ಬಂತು.

"ಹದಿನಾಲ್ಕು ವರ್ಷದಾಗೆ ಇವನು ಮಾಡಿದ್ದು ಒಂದೂ ವಾಪಸ್ ಬಂದಿಲ್ಲ ಅಂತ ಹೇಳು" ಎಂದರು.

"ಎರಡು ಬಂದಿದ್ವಲ್ರಿ."

"ಅದು ಬ್ಯಾಡ ಬಿಡು."

ಸುಳ್ಳು ಹೇಳಿ ಸೇರಿಕೊಳ್ಳಲು ಮನಸ್ಸಾಗಲಿಲ್ಲ. ಎರಡು ವಾಪಸ್ ಬಂದಿದ್ದವು, ಅದನ್ನು ಹೇಳಬೇಡ ಎನ್ನುತ್ತಿದ್ದಾರೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅಷ್ಟು ಹೊತ್ತು ಗಂಭೀರವಾಗಿದ್ದ ಆ ಮನುಷ್ಯ ಜೋರಾಗಿ ನಕ್ಕರು.

ನಮ್ಮ ಮಾಲೀಕರಿಗೆ ನನ್ನ ಗುಣಗಾನದಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. ಅಲ್ಲಿಯ ಲೇತ್ ಹೇಗಿದೆ, ಚಾಲೂ ಮಾಡಿ ತೋರಿಸು ಎಂದರು. ತೋರಿಸಿದೆ. ಅರ್ಧ ನಿಮಿಷ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಫೋನ್ ಇನ್ನೂ ಹತ್ರ ಹಿಡಿ. ಹಾಂ, ಹಿಂದಿನ ಬೇರಿಂಗ್ ಹೋಗೈತೆ. ಕಡ್ದ ಸಾಮಾನಿನ ಮೇಲೆ ಅಲೆ ಅಲೆ ಬೀಳ್ತಾವೇನು ಕೇಳು."

ಒಳಗೆ ಬಂದಾಗಲೇ ನನಗೂ ಆ ಸದ್ದಿನ ಮೇಲೆ ಅನುಮಾನವಿತ್ತು. ಕೆಲಸ ಕೇಳಲು ಬಂದವನು ಅವರ ಯಂತ್ರದ ತಪ್ಪು ಎತ್ತಿ ತೋರಿಸುವುದು ಹೇಗೆಂದು ಸುಮ್ಮನಿದ್ದೆ. ಈಗ ಹೇಳಿದೆ. ವರ್ಕ್‌ಶಾಪಿನ ಮಾಲೀಕರು ಮೇಜಿನ ಮೇಲಿದ್ದ ಒಂದು ಶಾಫ್ಟ್ ಎತ್ತಿಕೊಂಡು, ಅದರ ಮೈಮೇಲೆ ಉಗುರು ಎಳೆದು ನೋಡಿದರು. ನನ್ನ ಕೈಗೂ ಕೊಟ್ಟರು. ಉಗುರಿಗೆ ಅಲೆಗಳು ಸಿಕ್ಕವು. ಕಬ್ಬಿಣ ಕೊರೆಯುವ ಉಳಿ ಸರಿಯಿಲ್ಲವೆಂದು ಅವರು ಅಷ್ಟು ದಿನವೂ ಅದನ್ನೇ ಮಸೆಯುತ್ತಿದ್ದರಂತೆ.

ಆಮೇಲೆ ಇಪ್ಪತ್ತು ನಿಮಿಷ ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಇಲ್ಲಿಯವರು ತಮ್ಮ ಡ್ರಿಲ್ಲಿಂಗ್ ಮಷಿನ್ನು ತೋರಿಸಿದರೆ, ಹರಿಹರದವರು ಅರ್ಧ ಆಗಿದ್ದ ಕಬ್ಬಿನ ಗಾಣದ ರೋಲರು ತೋರಿಸಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿ, ತಲೆಯಾಡಿಸಿ, ಎಲ್ಲಾ ಅರ್ಥವಾದವರಂತೆ ಇದ್ದರು. ಬಹುಶಃ ಅರ್ಥವಾಗಿತ್ತು ಕೂಡ.

ಫೋನ್ ಇಟ್ಟ ಮೇಲೆ ವರ್ಕ್‌ಶಾಪಿನ ಮಾಲೀಕರು, ಸೋಮವಾರ ಬಾ, ಮೊದಲು ಆ ಬೇರಿಂಗ್ ಬದಲಿಸೋಣ ಎಂದರು. ಮನೆಗೆ ಬಸ್ಸಿಗೆ ಕಾಯದೆ ನಡೆದುಕೊಂಡೇ ಬಂದೆ. ಡ್ಯೂಟಿಯ ಹೊತ್ತಿನಲ್ಲಿ ಫೋನ್ ಮಾಡಬೇಡಿ ಎಂದು ಹೆಂಡತಿ ಹೇಳಿದ್ದರೂ ಮಾಡಿದೆ. ಅವಳು ಪಕ್ಕದಲ್ಲಿದ್ದ ಯಾರಿಗೋ ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿಸಿತು. ಆ ಕಡೆ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು.

ಬೇರಿಂಗ್ ಬದಲಿಸಲು ಎರಡು ದಿನ ಹಿಡಿಯಿತು. ಒಂದು ತಿಂಗಳು ನೋಡೋಣ ಎಂದಿದ್ದವರು ಎರಡನೇ ವಾರಕ್ಕೇ ಕಾಯಂ ಕೆಲಸದ ಕಾಗದ ತಂದುಕೊಟ್ಟರು. ಅವರ ಮಾತು ಪೂರ್ತಿ ತಿಳಿಯಲು ನನಗೆ ಇನ್ನೂ ಆರು ತಿಂಗಳು ಬೇಕಾಯಿತು.

ಹೋದ ಏಪ್ರಿಲ್‌ನಲ್ಲಿ ನಾನು ರಜೆಗೆ ಊರಿಗೆ ಬಂದಾಗ ಐರ್ಲೆಂಡಿನ ಮಾಲೀಕರು ಹರಿಹರದ ಮಾಲೀಕರಿಗೆಂದು ಒಂದು ಪೊಟ್ಟಣ ಕೊಟ್ಟು ಕಳಿಸಿದ್ದರು. ಶೆಡ್ಡಿನಲ್ಲಿ ಬಿಚ್ಚಿದರೆ ಅಲ್ಲಿಯ ಕುರಿಯ ಉಣ್ಣೆಯ ದಪ್ಪ ಟೋಪಿ. ತಗಡಿನ ಕೆಳಗೆ ಬೆವರು ಇಳಿಯುತ್ತಿದ್ದ ಹೊತ್ತಿನಲ್ಲಿ ನಮ್ಮ ಮಾಲೀಕರು ಅದನ್ನು ಕಿವಿಯ ತನಕ ಎಳೆದುಕೊಂಡರು.

"ಬಿಸ್ಲು ಐತಲ್ರಿ, ತೆಗೀರಿ" ಎಂದೆ.

"ಇರ್ಲಿ. ಮೊದ್ಲು ಫೋಟೋ ಹೊಡ್ದು ಅವರಿಗೆ ಕಳ್ಸು" ಎಂದು ಲೇತಿನ ಪಕ್ಕ ನೆಟ್ಟಗೆ ನಿಂತರು.