ಮೇಡಂ ಹೇಳಿದ ಮೇಲೆ

ಬೀದಿಗಳಿಗೆ ನೀರು ಬಿಡುವ ನೀರುಗಂಟಿಗೆ ಐವತ್ತೊಂಬತ್ತು ವರ್ಷ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದ ಆತನಿಗೆ ಯಾವ ಬೀದಿಯ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಮುಚ್ಚುತ್ತದೆ ಎಂಬುದು ಬಾಯಿಪಾಠ. ಇಷ್ಟು ವರ್ಷದಲ್ಲಿ ಒಂದು ನೋಟಿಸೂ ಬಂದಿರಲಿಲ್ಲ.

ಎಂಟು ತಿಂಗಳ ಹಿಂದೆ ಆ ಕಚೇರಿಗೆ ಮೊದಲ ಬಾರಿ ಒಬ್ಬ ಮಹಿಳೆ ಮುಖ್ಯಸ್ಥರಾಗಿ ಬಂದರು. ಯಾರೂ ಎದುರಾಡಲಿಲ್ಲ. ಕೂತವರು ಎದ್ದು ನಿಂತರು, ಹೇಳಿದ್ದಕ್ಕೆಲ್ಲ ‘ಆಗ್ಲಿ ಮೇಡಂ’ ಎಂದರು. ಆಮೇಲೆ ಹೊರಗೆ ಬಂದು ಅವರ ಕೈಕೆಳಗಿನ ಡೆಪ್ಯೂಟಿ ಎಂಜಿನಿಯರರಿಗೆ ಫೋನು ಮಾಡಿ, ‘ಮೇಡಂ ಹಿಂಗಂದ್ರು, ಮಾಡ್ಲಾ ಸಾರ್?’ ಎಂದು ಕೇಳಿದರು. ಡೆಪ್ಯೂಟಿ ಹತ್ತಕ್ಕೆ ಹತ್ತೂ ಸಲ ‘ಮಾಡು’ ಎನ್ನುತ್ತಿದ್ದರು. ಕೇಳಬೇಕೆಂದು ಯಾರೂ ಆದೇಶ ಹೊರಡಿಸಿರಲಿಲ್ಲ. ತಾನಾಗಿ ಬೆಳೆದ ರೂಢಿ ಅದು. ಟೀ ಅಂಗಡಿಯಲ್ಲಿ ಫಿಟ್ಟರ್ ಒಬ್ಬ ಅದಕ್ಕೆ ‘ಗಂಡು ಮೊಹರು’ ಎಂದು ಹೆಸರಿಟ್ಟಾಗ ಎಲ್ಲರೂ ನಕ್ಕರು. ನೀರುಗಂಟಿಯೂ ನಕ್ಕ.

ಆ ಸೋಮವಾರ ಬೆಳಿಗ್ಗೆ ಆರೂ ಹತ್ತಕ್ಕೆ ವೈರ್‌ಲೆಸ್ಸಿನಲ್ಲಿ ಮೇಡಂ ದನಿ ಬಂತು. ಮೂರನೇ ಅಡ್ಡರಸ್ತೆಯಲ್ಲಿ ಚರಂಡಿ ಒಡೆದು ಕುಡಿಯುವ ನೀರಿಗೆ ಸೇರುತ್ತಿದೆ, ವಾಲ್ವ್ ಈಗಲೇ ಮುಚ್ಚಿ ಎಂದರು. ನೀರುಗಂಟಿ ‘ಆಗ್ಲಿ ಮೇಡಂ’ ಎಂದು ಅಲ್ಲಿನ ವಾಲ್ವ್ ಗುಂಡಿಯ ಮುಚ್ಚಳ ಸರಿಸಿ ಕಬ್ಬಿಣದ ಕೀಲಿಯನ್ನು ವಾಲ್ವಿನ ತಲೆಗೆ ಸಿಕ್ಕಿಸಿದ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದ. ಡೆಪ್ಯೂಟಿ ಫೋನು ಮನೆಯಲ್ಲೇ ಬಿಟ್ಟು ವಾಕಿಂಗ್ ಹೋಗಿದ್ದರು. ಗುಂಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಆತ ಆರು ಸಲ ಕರೆ ಮಾಡಿದ. ಆರೂ ಐವತ್ತಕ್ಕೆ ಅವರು ಸಿಕ್ಕಿ, ‘ಇದನ್ನೂ ನನ್ನ ಕೇಳ್ಬೇಕೇನಯ್ಯ, ಮುಚ್ಚು’ ಎಂದರು.

ಅದು ಮನೆಮನೆಯಲ್ಲೂ ಕೊಡ ತುಂಬಿಸಿಕೊಳ್ಳುವ ಹೊತ್ತು. ಬುಧವಾರದೊಳಗೆ ಮೂವತ್ತಾರು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಆ ಬೀದಿಯ ಟೈಲರ್ ಅಂಗಡಿಯವನ ಮುದಿತಾಯಿಗೆ ಎಚ್ಚರವೇ ಇರಲಿಲ್ಲ.

ವಿಚಾರಣೆ ಶುರುವಾಯಿತು. ವೈರ್‌ಲೆಸ್ ಮಾತಿಗೆ ದಾಖಲೆಯಿಲ್ಲ. ಆದೇಶ ಬಂದ ಹೊತ್ತನ್ನು ನೀರುಗಂಟಿಯೇ ಡ್ಯೂಟಿ ಪುಸ್ತಕದಲ್ಲಿ ಬರೆಯಬೇಕು. ಗಾಬರಿಯಲ್ಲಿ ಆತ ಆ ಜಾಗ ಖಾಲಿ ಬಿಟ್ಟಿದ್ದ. ಡೆಪ್ಯೂಟಿ ಹೆಗಲ ಮೇಲೆ ಕೈಯಿಟ್ಟು, ಆದೇಶ ಬಂದದ್ದೇ ಆರೂ ಐವತ್ತಕ್ಕೆ ಎಂದು ಹೇಳಿಕೆ ಕೊಡು ಎಂದರು. ಮೇಡಂಗಾದರೆ ಹೆಚ್ಚೆಂದರೆ ವರ್ಗ, ನಿನಗಾದರೆ ಪಿಂಚಣಿಗೇ ಕುತ್ತು ಎಂದೂ ಸೇರಿಸಿದರು. ಟೀ ಅಂಗಡಿಯಲ್ಲಿ ಸೇರಿದ ಕಚೇರಿಯವರೆಲ್ಲ ಅದೇ ರಾಗ ಹಾಡಿದರು.

ರಾತ್ರಿ ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತ ಆತ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಳು.

‘ಮೇಡಂ ಹೇಳಿದ್ದು ನಿಮಗೆ ಅರ್ಥ ಆಗಿತ್ತಾ?’

‘ಆಗಿತ್ತು ಕಣೆ.’

‘ನಾನು ಹೇಳೋದೂ ಅರ್ಥ ಆಗತ್ತೆ ನಿಮಗೆ. ಆಮೇಲೆ ನಿಮ್ಮಣ್ಣಂಗೆ ಫೋನ್ ಮಾಡ್ತೀರ. ಮಗಳ ಕಾಲೇಜಿಗೂ ಅಷ್ಟೆ, ಗೋಡೆ ಬಣ್ಣಕ್ಕೂ ಅಷ್ಟೆ. ಹೋಗ್ಲಿ ಬಿಡು, ಇದರಿಂದ ಯಾರೂ ಆಸ್ಪತ್ರೆ ಸೇರಲ್ಲ ಅಂತ ಸುಮ್ನಿದ್ದೆ.’

ಶುಕ್ರವಾರ ನೀರುಗಂಟಿ ಹೇಳಿಕೆಯಲ್ಲಿ ಆರೂ ಹತ್ತು ಎಂದೇ ಬರೆದ. ತಡವಾದದ್ದೇಕೆ ಎಂಬುದನ್ನೂ ಬರೆದ. ಹೊರಗಿನಿಂದ ಬಂದಿದ್ದ ವಿಚಾರಣಾಧಿಕಾರಿ ಕನ್ನಡಕ ತೆಗೆದು, ಹಿಂದಿನ ಸಾಹೇಬರು ಹೇಳಿದಾಗಲೂ ಹೀಗೆ ಇನ್ನೊಬ್ಬರನ್ನು ಕೇಳುತ್ತಿದ್ದಿರಾ ಎಂದರು. ಮೇಡಂ ಎದುರಿಗೇ ಇದ್ದರು.

‘ಇಲ್ಲ ಸಾರ್. ಏಳು ಜನ ಸಾಹೇಬ್ರು ಬಂದು ಹೋದ್ರು. ಒಂದು ಸಲಾನೂ ಕೇಳಿಲ್ಲ.’

ಸಂಜೆ ಮೇಡಂ ಆತನನ್ನು ಕರೆಸಿದರು. ಅಮಾನತಿನ ಆದೇಶ ಮೇಜಿನ ಮೇಲಿತ್ತು. ಅದಕ್ಕೆ ಸಹಿ ಹಾಕಿ ಆತನ ಕಡೆ ಸರಿಸಿದರು. ನೀರುಗಂಟಿ ತಲೆ ತಗ್ಗಿಸಿ ತೆಗೆದುಕೊಂಡ.

‘ನಾಳೆ ಬೆಳಿಗ್ಗೆ ಅಲ್ಲಿಗೆ ಯಾರನ್ನಾದ್ರೂ ಹಾಕ್ಬೇಕು,’ ಎಂದರು ಅವರು. ‘ನಿಮಗೆ ಎಲ್ಲರೂ ಗೊತ್ತು. ನಾನು ಮುಚ್ಚಿ ಅಂದ ಕೂಡ್ಲೆ ಮುಚ್ಚೋರು ಒಬ್ಬರ ಹೆಸರು ಹೇಳಿ.’

ನೀರುಗಂಟಿ ಕಾಗದ ಹಿಡಿದು ನಿಂತ. ಪಂಪ್‌ಹೌಸಿನವರನ್ನು ನೆನೆದ, ಫಿಟ್ಟರುಗಳನ್ನು ನೆನೆದ, ಹೋದ ವರ್ಷ ಸೇರಿದವರನ್ನೂ ನೆನೆದ. ಮೇಡಂ ಪೆನ್ನು ಹಿಡಿದೇ ಕಾಯುತ್ತಿದ್ದರು.