ಸ್ವಿಚ್ಚಿನ ಮೇಲಿನ ಕುಂಕುಮ

ಕೇಳ್ರಪ್ಪಾ, ಇವತ್ತು ಆಯುಧಪೂಜೆ ಹೊತ್ತಲ್ಲೇ ಪೀಣ್ಯದ ನಮ್ಮ ಫ್ಯಾಕ್ಟರಿಯ ಹನ್ನೆರಡು ಫೋನೂ ಒಟ್ಟಿಗೆ ಡೆಡ್ಡಾದವು. ಎಲ್ಲಾ ಇಂಟರ್ನೆಟ್ಟಲ್ಲಿ ಓಡೋ ಹೊಸ ಫೋನುಗಳು. ಹಟ ಹಿಡಿದು ಹಾಕಿಸಿದೋಳು ಸೊಸೆ ಕುಸುಮ. "ಒಂದಿನ ಕೈಕೊಟ್ರೂ ಕಿತ್ತು ಹಳೇದನ್ನೇ ತರ್ತೀನಿ" ಅಂತ ಮೊದಲೇ ಹೇಳಿದ್ದ ನನ್ನ ಮಗ ಇವತ್ತು ಕುಣಿದೇ ಬಿಟ್ಟ.

"ನಾನ್ ಹೇಳ್ಲಿಲ್ವಾ? ನಾಳೇನೇ ಕೀಳಿಸ್ತೀನಿ!"

"ಸ್ವಲ್ಪ ತಡೀರಿ, ನೋಡ್ತೀನಿ" ಅಂತ ಕುಸುಮ ರೇಷ್ಮೆ ಸೀರೇಲೇ ಸ್ಟೂಲ್ ಹತ್ತಿದಳು. ಗೋಡೆ ಮೇಲಿನ ಇಂಟರ್ನೆಟ್ ಡಬ್ಬದ ಸ್ವಿಚ್ ಆಫಾಗಿತ್ತು. ಸ್ವಿಚ್ ಮೇಲೆ ಬೆರಳಗಲ ಕುಂಕುಮ.

ನಾನು ಬೆರಳನ್ನ ಸೆರಗಲ್ಲಿ ಮುಚ್ಕೊಂಡೆ. ಏನ್ ಮಾಡ್ಲಿ? ಪೂಜೆ ದಿನ ಲೇತು, ಡ್ರಿಲ್ಲು ಎಲ್ಲಾ ಆಫ್ ಮಾಡಿ ಕುಂಕುಮ ಇಡ್ತೀವಿ. ಮೂರು ತಿಂಗಳಿಂದ ಬಿಡುವಿಲ್ಲದೆ ಕಣ್ಣು ಮಿಟುಕಿಸ್ತಿರೋ ಡಬ್ಬಕ್ಕೂ ಒಂದಿನ ರಜ ಇರ್ಲಿ ಅಂತ ಆಫ್ ಮಾಡಿದ್ದೆ. ಎಲ್ಲಾ ಫೋನಿನ ಜೀವ ಅದರೊಳಗಿದೆ ಅಂತ ನನಗೇನ್ ಗೊತ್ತು?

ಕುಸುಮ ಒಂದು ಸಲ ನನ್ನ ಕಡೆ ನೋಡಿದಳು. ಸ್ವಿಚ್ ಹಾಕಿ, ಅದರ ಮೇಲಿದ್ದ ಕುಂಕುಮ ಒರೆಸಿ ತನ್ನ ಹಣೆಗೇ ಇಟ್ಕೊಂಡಳು, ಕಳ್ಳಿ! ಸ್ವಲ್ಪ ಹೊತ್ತಿಗೆ ಫೋನುಗಳು ಬಾಯಿ ಬಿಟ್ಟವು.

"ಏನಾಗಿತ್ತೇ?" ಅಂದ ಮಗ.

"ಏನಿಲ್ಲ ಕಣ್ರೀ, ಅತ್ತೆ ಪೂಜೆ ಇನ್ನೂ ಮುಗಿದಿರಲಿಲ್ಲ."

ಇನ್ನೊಂದು ತಿಂಗಳು ಅವಳ ಸಾರಿಗೆ ಉಪ್ಪು ಕಮ್ಮಿ ಅಂತ ನಾನು ಬಾಯಿ ಬಿಡಲ್ಲ. ನೀವೂ ನನ್ನ ಮಗನ ಮುಂದೆ ಬಾಯಿ ಬಿಡಬೇಡಿ. ಅವನು ಇದನ್ನೆಲ್ಲ ಓದಲ್ಲ ಅಂತಲೇ ಇಲ್ಲಿ ಬರೆದಿರೋದು.