ಟೇಬಲ್ಲಿಗೊಂದು ಡ್ರಾಪ್

ನಮ್ಮ ಹಿರಿಯೂರಿನಲ್ಲಿ ಡ್ರಾಪ್ ಎಂಬುದು ಉಪಕಾರದ ಮಾತು. ಬೈಕು ಹತ್ತಿದವನನ್ನು ಕಂಡರೆ ಸಾಕು, "ಬಬ್ಬೂರಿಗೆ ಡ್ರಾಪ್ ಮಾಡ್ರಿ" ಎಂದು ಗುರುತಿಲ್ಲದವರೂ ಹಿಂದೆ ಕೂತುಬಿಡುತ್ತಾರೆ. ತಲುಪಿಸುವುದಕ್ಕಲ್ಲದೆ ಕೈಬಿಡುವುದಕ್ಕೂ ಅದೇ ಮಾತು ಸಲ್ಲುತ್ತದೆಂದು, ಎಸ್ಸೆಸ್ಸೆಲ್ಸಿ ಎಂಬ ಹೊಳೆಯ ಈಚೆ ದಡದಲ್ಲೇ ನಿಂತ ನನಗೆ ತಿಳಿದದ್ದು ತಡವಾಗಿ. ಅಷ್ಟರಲ್ಲಿ ನನ್ನ ಗಿರಾಕಿಗಳೆಲ್ಲ ಕಂಪ್ಯೂಟರಿನಿಂದ ಇಳಿದು ಹೋಗಿದ್ದರು.

ನನ್ನದು ಶಾಮಿಯಾನ, ಕುರ್ಚಿ, ಟೇಬಲ್ಲು ಬಾಡಿಗೆಗೆ ಕೊಡುವ ಅಂಗಡಿ. ಚಿತ್ರದುರ್ಗದಲ್ಲಿ ಕಂಪ್ಯೂಟರ್ ಪಾಠ ಹೇಳುವ ತಂಗಿ ಮಂಜುಳ, ಅಣ್ಣನ ಮರೆವಿಗೆ ಮರುಗಿ ಒಂದು ಡೇಟಾಬೇಸ್ ಕಟ್ಟಿಕೊಟ್ಟಳು. ಅದರೊಳಗೂ ಟೇಬಲ್ಲುಗಳೇ! ಗಿರಾಕಿಗಳ ಹೆಸರು, ಊರು ಒಂದರಲ್ಲಿ, ಬುಕಿಂಗು ಇನ್ನೊಂದರಲ್ಲಿ. ಬುಕಿಂಗಿನಲ್ಲಿ ಗಿರಾಕಿಯ ನಂಬರಷ್ಟೇ ಇರುತ್ತದೆ. ಅದನ್ನು ಹಿಡಿದು ಮೊದಲ ಟೇಬಲ್ಲಿಗೆ ಹೋದರೆ ಮನುಷ್ಯ ಸಿಗುತ್ತಾನೆ. "ಇದಕ್ಕೇ ರಿಲೇಶನ್ ಅನ್ನೋದು ಅಣ್ಣ" ಎಂದಿದ್ದಳು. ಪ್ರಯೋಗಕ್ಕೆಂದು ಅದೇ ಹೆಸರಿಗೊಂದು ಬಾಲ ಅಂಟಿಸಿ ಮಾಡಿದ್ದ ಮತ್ತೊಂದು ಗಿರಾಕಿ ಟೇಬಲ್ಲೂ ಉಳಿದಿತ್ತು. "ಅದನ್ನ ಡ್ರಾಪ್ ಮಾಡ್ಬೇಕು, ಅಂದ್ರೆ ತೆಗೀಬೇಕು. ನಾನು ಬಂದಾಗ ಮಾಡ್ತೀನಿ, ನೀನು ಮುಟ್ಟಬ್ಯಾಡ."

ಮುಟ್ಟಬೇಡ ಎಂದರೆ ಕೈ ಕಡಿಯುವ ಜಾತಿ ನನ್ನದು. ಅದೂ ಅಲ್ಲದೆ, ನಮ್ಮ ಕಸುಬಿನಲ್ಲಿ ಟೇಬಲ್ ತೆಗೆಯುವುದೆಂದರೆ ಕಾಲು ಮಡಿಸಿ ಗೋಡೆಗೆ ಒರಗಿಸುವುದು. ಬೇಕೆಂದಾಗ ಮತ್ತೆ ಬಿಚ್ಚಿದರಾಯಿತು. ಅವಳ ಬೆನ್ನ ಹಿಂದೆ ನಿಂತು ನೋಡಿದ್ದ ಆಜ್ಞೆಯನ್ನು ಟೈಪಿಸಿದೆ. ಗಿರಾಕಿಗಳ ಜೊತೆ ಬಾಳಿದ ವಿನಯದಿಂದ ಮುಂದೊಂದು ಪ್ಲೀಸ್ ಸೇರಿಸಿದೆ. ಯಂತ್ರಕ್ಕೆ ವಿನಯ ಹಿಡಿಸಲಿಲ್ಲ. ಪ್ಲೀಸ್ ತೆಗೆದು, ಅವಸರಕ್ಕೆ ಹೆಸರಿನ ಬಾಲವನ್ನೂ ನುಂಗಿ ಹೊಡೆದೆ. ಪ್ರಯೋಗದ ಟೇಬಲ್ಲಿನ ಬದಲು ನಿಜವಾದದ್ದಕ್ಕೇ ಗುರಿ ಬಿತ್ತು. ಪಾಪ, ಯಂತ್ರ ತಡೆಯಿತು: ಇದನ್ನು ಆತುಕೊಂಡು ಬೇರೆಯವು ನಿಂತಿವೆ. ಹಾಗಿದ್ದೂ ಬೇಕಿದ್ದರೆ, ಕೊಂಡಿ ಕಡಿಯಲು ಕ್ಯಾಸ್ಕೇಡ್ ಎಂದು ಸೇರಿಸು ಎಂಬ ಹಿಂಟನ್ನೂ ಕೊಟ್ಟಿತು. ಪರೀಕ್ಷೆಯಲ್ಲಿ ಯಾರೂ ಕೊಡದ ಹಿಂಟು, ಬಿಡುವುದುಂಟೆ?

ಗಿರಾಕಿಗಳ ಟೇಬಲ್ಲು ಪೂರ್ತಿ ಅಳಿಸಿಹೋಗಿ, ಬುಕಿಂಗುಗಳು ತಬ್ಬಲಿಯಾಗಿ ಉಳಿದವು. ಹದಿನೇಳನೇ ನಂಬರಿನವರ ಮನೆಯಲ್ಲಿ ಭಾನುವಾರ ಮದುವೆ. ಆದರೆ ಆ ಹದಿನೇಳು ತಾಳ್ಯದವರೋ ತುರುವನೂರಿನವರೋ ದೇವರೇ ಬಲ್ಲ. ಅಷ್ಟರಲ್ಲಿ ಹೊಸದುರ್ಗದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಸೋದರಮಾವನ ಫೋನು. ಅವರೂ ಮಂಜುಳಳಿಂದ ಇಂಥದ್ದೇ ಒಂದನ್ನು ಮಾಡಿಸುವವರಿದ್ದರು.

"ಹೆಂಗೈತಪ್ಪ ತಂಗಿ ಮಾಡಿಕೊಟ್ಟಿದ್ದು?"

"ಎಲ್ಲಾ ನುಂಗಿ ಕುಂತೈತೆ ಮಾವ" ಎಂದುಬಿಟ್ಟೆ. ನಾಲಿಗೆಗೆ ಮಡಿಸುವ ಕಾಲಿಲ್ಲ.

"ಹಂಗಾದ್ರೆ ನಮಗ್ಯಾಕೆ ಬಿಡಪ್ಪ."

ಗಿರಾಕಿಗಳು ಕಾಣುತ್ತಿಲ್ಲವೆಂದಷ್ಟೇ ಫೋನಿನಲ್ಲಿ ಹೇಳಿದೆ, ಮಂಜುಳ ಓಡಿಬಂದಳು. ಊಟ ಬಿಟ್ಟು, ತನ್ನ ತಪ್ಪನ್ನು ತಾನೇ ಹುಡುಕಿದಳು. "ನಾನೇ ಎಲ್ಲೋ ಎಡವಿದೀನಿ ಅಣ್ಣ" ಎಂದಾಗಲೆಲ್ಲ ನಾನು ಟೀ ತಂದಿಟ್ಟೆ. ಕೊನೆಗೆ ಅವಳು ಮೇಲ್ಮುಖದ ಬಾಣದ ಗುಂಡಿ ಒತ್ತಿದಳು. ಹಿಂದೆ ಟೈಪಿಸಿದ್ದೆಲ್ಲ ಒಂದೊಂದಾಗಿ ತೇಲಿಬಂತು. ಕ್ಯಾಸ್ಕೇಡೂ, ಅದರ ಹಿಂದೆ ಕೈಮುಗಿದ ಪ್ಲೀಸೂ.

"ಏನಣ್ಣ, ಮಷೀನಿಗೂ ಪ್ಲೀಸ್ ಅಂದಿದೀಯಲ್ಲೋ!" ಎಂದು ಬಿದ್ದುಬಿದ್ದು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ, "ಮಾವ ಬ್ಯಾಡ ಅಂದ್ರು, ಗೊತ್ತೈತಾ? ನಿನ್ನ ಮಾತು ನಂಬಿ."

ಹೋದ ವಾರದ ನಕಲೊಂದು ಅವಳ ಬಳಿಯಿತ್ತು, ಗಿರಾಕಿಗಳು ಮರಳಿದರು. ಹದಿನೇಳು ತಾಳ್ಯದವರೇ. ಮಾವನ ನಂಬಿಕೆಗೆ ಮಾತ್ರ ನಕಲಿರಲಿಲ್ಲ. ತಂಗಿಯ ಒಳ್ಳೆಯ ಹೆಸರನ್ನು ಆತುಕೊಂಡು ಏನೇನು ನಿಂತಿದೆಯೆಂದು ನನ್ನನ್ನು ಯಾರೂ ತಡೆದು ಕೇಳಿರಲಿಲ್ಲ.

"ಬಸ್‌ಸ್ಟ್ಯಾಂಡಿಗೆ ಡ್ರಾಪ್ ಮಾಡು" ಎಂದಳು. ಬೈಕು ಬಸ್‌ಸ್ಟ್ಯಾಂಡು ದಾಟಿ ಮುಂದೆ ಹೋಯಿತು.

"ಅಣ್ಣ, ಇದು ಹೊಸದುರ್ಗದ ರಸ್ತೆ."

"ಮಾವನ ಅಂಗಡಿಗೆ ಹೋಗಾಣ. ಕೆಡಿಸಿದೋನೇ ಹೇಳ್ಬೇಕು."

"ಅಷ್ಟು ದೂರ ಡ್ರಾಪಾ?"

"ಪ್ಲೀಸ್" ಎಂದೆ.